ಹುರಿಗೊಳ್ಳದ ದಾರ

"ನನ್ನನ್ನ ನೋಡಬೇಡಿ!" ಎಂದಳು ಸೂಜಿ.

ಹಾಲ್‌ನ ಆಚೆ ಮೂಲೆಯಲ್ಲಿ ದಾರದ ಇನ್ನೊಂದು ತುದಿ ಹಿಡಿದು ನಿಂತಿದ್ದವನು ಥಟ್ಟನೆ ತಲೆಯೆತ್ತಿ ಫ್ಯಾನ್ ನೋಡತೊಡಗಿದ. ಅವನ ಕಿವಿ ಕೆಂಪಾಯಿತು. ಟೇಬಲ್ ಸುತ್ತ ಬಟ್ಟೆ ಕತ್ತರಿಸುತ್ತಿದ್ದವರು ಕೈ ನಿಲ್ಲಿಸಿದರು. ಯಾರೋ ಕಿಸಕ್ಕೆಂದರು.

"ನಾನು... ನಾನೇನೂ ಹಾಗೆ ನೋಡ್ತಿರಲಿಲ್ಲ."

"ಅಯ್ಯೋ, ಅದಲ್ಲ ರೀ! ನನ್ನ ಕೈ ನೋಡ್ಕೊಂಡು ತಿರುಗಿಸ್ಬೇಡಿ ಅಂದೆ. ನಾನು ಕಿಟಕಿ ಕಡೆಗೆ ತಿರುಗಿಸಿದ್ರೆ ನೀವೂ ಕಿಟಕಿ ಕಡೆಗೇ ತಿರುಗಿಸ್ತಿದ್ದೀರಿ. ಇಬ್ರೂ ಒಂದೇ ಕಡೆ ತಿರುಗಿಸಿದ್ರೆ ದಾರ ಸುಮ್ನೆ ಉರುಳುತ್ತೆ ಅಷ್ಟೆ, ಹುರಿ ಆಗಲ್ಲ. ನೀವು ನಿಮ್ಮ ಬಲಕ್ಕೆ, ನಾನು ನನ್ನ ಬಲಕ್ಕೆ. ತಿಳೀತಾ?"

"ತಿಳೀತು." ಅವನು ಪೆನ್ಸಿಲ್ಲನ್ನು ಸರಿಯಾಗಿ ಹಿಡಿದುಕೊಂಡ. ಸ್ವಲ್ಪ ಹೊತ್ತು ಬಿಟ್ಟು, "ಅಂದ್ರೆ ನೋಡಬಹುದು?" ಎಂದ.

"ಏನನ್ನ?"

"ಏನಿಲ್ಲ. ಸುಮ್ನೆ ಕೇಳ್ದೆ."

ಅವರ ಪರಿಚಯ ಆದದ್ದು ಹೀಗೆ, ಒಂದು ಅಪಾರ್ಥದಿಂದ. ಮುಗಿದದ್ದೂ ಒಂದು ಅಪಾರ್ಥದಿಂದಲೇ. ನಡುವೆ ಒಂದಿಷ್ಟು ಭಾನುವಾರಗಳಿದ್ದವು.

ಸೂಜಿ ಎಂಬುದು ಅವಳ ಹೆಸರಲ್ಲ, ಬಳಗದವರು ಇಟ್ಟಿದ್ದು. ಅಣ್ಣ ಅತ್ತಿಗೆ ನಡೆಸುವ ಪರದೆ ಅಂಗಡಿಯಲ್ಲಿ ಹೊಲಿಗೆಯೆಲ್ಲ ಅವಳದೇ. ಕಾಲರ್‌ನಲ್ಲಿ ಸದಾ ದಾರ ಪೋಣಿಸಿದ ಒಂದು ಸೂಜಿ, ನಾಲಿಗೆಯ ಮೇಲೆ ಇನ್ನೊಂದು. ಬೇರೆಯವರ ವಿಷಯಕ್ಕೆ ಫಟ್ಟನೆ ಮಾತಾಡುವ ಈ ಹುಡುಗಿ ತನ್ನ ವಿಷಯ ಬಂದರೆ ಮಾತ್ರ ಮೂಗಿ. ಉತ್ತರ ಕೊಡಲು ಇಷ್ಟವಿಲ್ಲದ ಪ್ರಶ್ನೆ ಯಾರಾದರೂ ಕೇಳಿದರೆ ಕೂಡಲೇ ಗುಂಡುಪಿನ್ನುಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು ಬಟ್ಟೆಯ ಮೇಲೆ ಬಾಗುತ್ತಿದ್ದಳು. ಬಾಯಲ್ಲಿ ಪಿನ್ನು ಇರುವವಳನ್ನು ಯಾರು ತಾನೇ ಮಾತಾಡಿಸುತ್ತಾರೆ? ಈ ಕಥೆಯ ಅರ್ಧ ಸಂಕಟಕ್ಕೆ ಆ ಪಿನ್ನುಗಳೇ ಕಾರಣ. ಉಳಿದರ್ಧಕ್ಕೆ ಅವನು.

ಅವನು ಲಿಫ್ಟ್ ಮೆಕ್ಯಾನಿಕ್. ಬಳಗದಲ್ಲಿ ಎಲ್ಲರಿಗೂ ಬರೀ ಮೆಕ್ಯಾನಿಕ್. ಊರಿನ ಎತ್ತರದ ಕಟ್ಟಡಗಳ ಲಿಫ್ಟ್‌ಗಳೆಲ್ಲ ಅವನ ಮಾತು ಕೇಳುತ್ತಿದ್ದವು, ಆದರೆ ಅವನು ಮಾತ್ರ ಯಾರು ಏನು ಹೇಳಿದರೂ ಕೇಳುವವನು. ಎದುರಿಗಿರುವವರಿಗೆ ಏನು ಇಷ್ಟವೋ ಅದನ್ನು ಅವರ ಮುಖ ನೋಡಿ ಊಹಿಸಿ, ತನ್ನ ಇಷ್ಟವೂ ಅದೇ ಎಂದು ಹೇಳಿಬಿಡುತ್ತಿದ್ದ. ಒಳ್ಳೆಯ ಹುಡುಗ ಎಂದು ಎಲ್ಲರೂ ಹೊಗಳುತ್ತಿದ್ದರು. ಇಂಥ ಒಳ್ಳೆಯತನವನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಬಳಗ ಎಂದರೆ ಸೈಕಲ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಸೇರುವ ಯುವಕ ಯುವತಿಯರ ಗುಂಪು. ರಕ್ತ ಬೇಕೆಂದರೆ ಓಡುವುದು, ಆಸ್ಪತ್ರೆಯಲ್ಲಿ ಯಾರೂ ಇಲ್ಲದವರ ಪಕ್ಕ ಕೂತು ಪೇಪರ್ ಓದಿ ಹೇಳುವುದು, ಇವು ಅವರ ಕೆಲಸ. ಆ ವರ್ಷ ಬಳಗಕ್ಕೆ ಹತ್ತು ತುಂಬಿತ್ತು. ಸಮಾರಂಭ ಜೋರಾಗಿ ಮಾಡಬೇಕೆಂದು ಅಧ್ಯಕ್ಷನ ಆಸೆ. ಅಧ್ಯಕ್ಷ ಔಷಧಿ ಅಂಗಡಿಯವನು, ಮೈಕ್ ಕೈಗೆ ಸಿಕ್ಕರೆ ಕರೆಂಟ್ ಹೋಗುವವರೆಗೂ ಬಿಡದವನು. ಹಿಂದಿನ ವರ್ಷ ಅವನೇ ತರಿಸಿದ್ದ ರೆಡಿಮೇಡ್ ಪದಕಗಳ ಮೇಲೆ ಚೆಂಡು ಒದೆಯುತ್ತಿರುವ ಹುಡುಗನ ಚಿತ್ರವಿತ್ತು.

"ರಕ್ತ ಕೊಟ್ಟವರಿಗೆ ಫುಟ್‌ಬಾಲ್ ಪದಕ," ಎಂದಿದ್ದಳು ಸೂಜಿ ಈ ಸಲದ ಮೀಟಿಂಗ್‌ನಲ್ಲಿ. "ನಮ್ಮ ಅಂಗಡೀಲಿ ತುಂಡು ಬಟ್ಟೆ ರಾಶಿ ಬಿದ್ದಿದೆ. ರಟ್ಟಿಗೆ ಸುತ್ತಿ ಪದಕ ಮಾಡೋಣ. ಹೂವೂ ಬಟ್ಟೇದೇ, ತೋರಣಾನೂ ಬಟ್ಟೇದೇ. ಕೊರಳಿಗೆ ಹಾಕೋ ದಾರ ನಾವೇ ಹುರಿ ಮಾಡೋಣ. ನೀಲಿ ಹಳದಿ ಸೇರಿಸಿ."

"ಇಷ್ಟೊಂದು ಯಾರು ಮಾಡ್ತಾರಮ್ಮ?"

"ಮಾಡೋರು ಕೈ ಎತ್ತಿ."

ಹಿಂದಿನ ಬೆಂಚಿನಲ್ಲಿದ್ದ ಮೆಕ್ಯಾನಿಕ್ ಕೈ ಎತ್ತಿದ. ಬಳಗಕ್ಕೆ ಹೊಸಬ. ಅವಳ ಮುಖ ನೋಡಿ ಎತ್ತಿದನೋ, ಬಟ್ಟೆಯ ಪದಕದ ಮೇಲಿನ ಪ್ರೀತಿಯಿಂದ ಎತ್ತಿದನೋ, ಆಗ ಯಾರೂ ವಿಚಾರಿಸಲಿಲ್ಲ.

*

ಹುರಿ ಮಾಡುವುದು ಇಬ್ಬರ ಕೆಲಸ. ಉದ್ದದ ದಾರಗಳನ್ನು ಸೇರಿಸಿ ಎರಡು ತುದಿಗೂ ಪೆನ್ಸಿಲ್ ಕಟ್ಟಿ, ಇಬ್ಬರೂ ಹಾಲ್‌ನ ಎದುರುಬದುರು ಮೂಲೆಗಳಲ್ಲಿ ನಿಲ್ಲಬೇಕು. ದಾರ ಬಿಗಿಯಾಗಿರಬೇಕು. ಇಬ್ಬರೂ ತಂತಮ್ಮ ಬಲಕ್ಕೆ ಪೆನ್ಸಿಲ್ ತಿರುಗಿಸುತ್ತ ಹೋಗಬೇಕು. ಹುರಿ ಏರಿದ ಹಾಗೆಲ್ಲ ದಾರ ಗಿಡ್ಡವಾಗುತ್ತದೆ, ಹಿಡಿದವರನ್ನು ಮೆಲ್ಲಗೆ ಮುಂದಕ್ಕೆ ಎಳೆಯುತ್ತದೆ. ಸಾಕಷ್ಟು ಬಿಗಿಯಾದ ಮೇಲೆ ನಡುವೆ ಒಂದು ಭಾರ ತೂಗುಹಾಕಿ, ತುದಿಗಳನ್ನು ಹಿಡಿದವರು ಒಬ್ಬರ ಕಡೆಗೆ ಒಬ್ಬರು ನಡೆದು ಬರಬೇಕು. ಆಗ ದಾರದ ಎರಡು ಅರ್ಧಗಳು ತಾವಾಗಿಯೇ ಒಂದನ್ನೊಂದು ಸುತ್ತಿಕೊಳ್ಳುತ್ತವೆ. ತುದಿಗಳು ಸೇರಿದ ಕೂಡಲೇ ಗಂಟು ಹಾಕಬೇಕು. ಗಂಟಿಗೆ ಮೊದಲು ಒಬ್ಬರು ಕೈ ಬಿಟ್ಟರೂ ಅಷ್ಟೂ ಬಿಚ್ಚಿ ಹೋಗುತ್ತದೆ.

ಇಂಥ ಕೆಲಸವನ್ನು ಇಬ್ಬರು ಹರೆಯದವರಿಗೆ ಒಪ್ಪಿಸಿದ ಮೇಲೆ ಏನಾಗಬೇಕೋ ಅದೇ ಆಯಿತು.

ಮೊದಲ ಭಾನುವಾರ ಅವರು ಮಾತಾಡಿದ್ದೆಲ್ಲ ದಾರದ ವಿಷಯ. ನಡುವೆ ತೂಗುಹಾಕಲು ಅವನು ತನ್ನ ಸೊಂಟದ ಕೀಲಿ ಗೊಂಚಲನ್ನೇ ಕೊಟ್ಟ. ಊರಿನ ಲಿಫ್ಟ್ ರೂಮುಗಳ ಕೀಲಿಗಳೆಲ್ಲ ಅದರಲ್ಲಿದ್ದವು.

"ಕಳೆದುಹೋದ್ರೆ?" ಎಂದಳು.

"ಊರೆಲ್ಲ ಮೆಟ್ಟಿಲು ಹತ್ತಬೇಕಾಗುತ್ತೆ."

ಎರಡನೆಯ ಭಾನುವಾರ ಅವನು ಲಿಫ್ಟ್‌ನ ಉಕ್ಕಿನ ಹಗ್ಗದ ಒಂದು ತುಂಡು ತಂದು ಅವಳ ಅಂಗೈಯಲ್ಲಿಟ್ಟ. "ನೋಡಿ, ಇದೂ ಹೀಗೇನೇ. ಎಳೆ ಎಳೆ ಸೇರಿಸಿ ಹುರಿ ಮಾಡಿರ್ತಾರೆ. ಜನ ಬಟನ್ ಒತ್ತಿ ಸುಮ್ನೆ ನಿಂತಿರ್ತಾರಲ್ಲ, ಇದರ ಮೇಲೆ ನಂಬಿಕೆ."

ಅವಳು ಆ ತುಂಡನ್ನು ಬೆರಳಿನಿಂದ ಸವರಿದಳು. ಬೆರಳಿಗೆ ಗ್ರೀಸ್ ಮೆತ್ತಿತು. ಅವನು ಗಾಬರಿಯಿಂದ ಜೇಬಿನ ಕರವಸ್ತ್ರ ತೆಗೆದ. ಅದು ಇನ್ನೂ ಗ್ರೀಸ್. ಇಬ್ಬರೂ ನಕ್ಕರು. ಮನೆಗೆ ಹೋದ ಮೇಲೆ ಅವಳು ಕೈ ತೊಳೆಯುವುದನ್ನು ಮರೆತಳು, ಯಾರದೋ ಮನೆಯ ಬಿಳಿ ಪರದೆಯ ಅಂಚಿಗೆ ಕಪ್ಪು ಬೆರಳಿನ ಗುರುತು ಬಿತ್ತು. ಅತ್ತಿಗೆ ಪರದೆ ನೋಡಿದಳು, ನಾದಿನಿಯ ಮುಖ ನೋಡಿದಳು, ಸೋಪು ತಂದಿಟ್ಟಳು.

ಅದೇ ವಾರ ಅವಳು ಪರದೆಗಳ ದೊಡ್ಡ ಗಂಟು ಹೊತ್ತು ಒಂದು ಎತ್ತರದ ಕಟ್ಟಡಕ್ಕೆ ಹೋದಾಗ ಲಿಫ್ಟ್ ಬಾಗಿಲು ಹಿಡಿದು ನಿಂತಿದ್ದವನು ಅವನೇ. "ರಿಪೇರಿ ಮುಗೀತು. ಮೊದಲ ಸವಾರಿ ನೀವೇ ಮಾಡಿ," ಎಂದ.

"ಅಂದ್ರೆ ನನ್ನ ಮೇಲೆ ಪರೀಕ್ಷೆನಾ?"

"ನಾನೂ ಬರ್ತೀನಲ್ಲ ಜೊತೆಗೆ. ಬಿದ್ರೆ ಇಬ್ರೂ."

ಲಿಫ್ಟ್ ಮೇಲೇರಿತು. ನಡುವೆ ಪರದೆಯ ಗಂಟು, ಅದರ ಮೇಲೆ ಅವನ ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಅವನು ನೋಡುತ್ತಿದ್ದ, ಅವಳು ನೋಡಿದಾಗ ಮಹಡಿಯ ನಂಬರ್ ನೋಡುತ್ತಿದ್ದ, ಅವಳು ನಂಬರ್ ನೋಡಿದಾಗ ಮತ್ತೆ ಅವಳನ್ನು ನೋಡುತ್ತಿದ್ದ. ಇಳಿಯುವಾಗ ಅವಳು, "ತುಂಬ ಬೇಗ ಬಂತು," ಎಂದಳು. ಅವನು ಅದನ್ನು ಲಿಫ್ಟ್‌ಗೆ ಸಿಕ್ಕ ಹೊಗಳಿಕೆ ಎಂದುಕೊಂಡು, "ಮೋಟರ್ ಹೊಸದು," ಎಂದ. ದಡ್ಡ.

ಮೂರನೆಯ ಭಾನುವಾರ 'ನೀವು' ಹೋಗಿ 'ನೀನು' ಬಂತು. ಯಾರು ಮೊದಲು ಅಂದರು ಎಂದು ಇಬ್ಬರಿಗೂ ಆಮೇಲೆ ನೆನಪಾಗಲಿಲ್ಲ. ದಾರ ಗಿಡ್ಡವಾಗುತ್ತ ಅವರನ್ನು ಮುಂದಕ್ಕೆ ಎಳೆಯುತ್ತಿತ್ತು, ಅವರು ಬರುತ್ತಿದ್ದರು. ಗಂಟು ಹಾಕುವಾಗ ಅವಳ ಬೆರಳು ಅವನ ಬೆರಳಿಗೆ ತಾಗುತ್ತಿತ್ತು. ಗಂಟು ಹಾಕಲು ಅಷ್ಟು ಹೊತ್ತು ಬೇಕಿರಲಿಲ್ಲ.

"ಇವರಿಬ್ರ ಹುರಿಗೆ ಮಾತ್ರ ಯಾಕೆ ಇಷ್ಟು ಟೈಮ್ ಹಿಡಿಯುತ್ತೆ?" ಎಂದು ಅಧ್ಯಕ್ಷ ಗಟ್ಟಿಯಾಗಿ ಕೇಳಿದ, ಅದೂ ಮೈಕ್ ಟೆಸ್ಟ್ ಮಾಡುತ್ತ. ಮಾತು ಕೆಳಗಿನ ಸೈಕಲ್ ಅಂಗಡಿಯವರೆಗೂ ಕೇಳಿಸಿತು. ಸೂಜಿ ಪಿನ್ನುಗಳನ್ನು ಬಾಯಿಗೆ ಹಾಕಿಕೊಂಡಳು.

*

ಆ ಮಾತು ಬಂದದ್ದು ಸಮಾರಂಭಕ್ಕೆ ಮುಂಚಿನ ಕೊನೆಯ ಭಾನುವಾರಗಳಲ್ಲೊಂದರಂದು. ಉಳಿದವರೆಲ್ಲ ತೋರಣ ಕಟ್ಟಿ ನೋಡಲು ಕೆಳಗಿಳಿದಿದ್ದರು. ಹಾಲ್‌ನಲ್ಲಿ ಇವರಿಬ್ಬರೇ, ನಡುವೆ ನೀಲಿ ಹಳದಿ ದಾರ. ಕಿಟಕಿಯ ಬಿಸಿಲು ದಾರದ ಮೇಲೆ ಬಿದ್ದಿತ್ತು.

"ನಿಂಗೊಂದು ವಿಷಯ ಹೇಳಬೇಕಿತ್ತು," ಎಂದ ಅವನು, ಪೆನ್ಸಿಲ್ ತಿರುಗಿಸುತ್ತ.

ಅವಳ ಪೆನ್ಸಿಲ್ ಒಂದು ಕ್ಷಣ ನಿಂತಿತು. ಇಷ್ಟು ದಿನ ಕಾದ ಮಾತು ಬರುತ್ತಿದೆ ಎಂದುಕೊಂಡಳು. "ಹೇಳು," ಎಂದಳು.

"ಕೆಲಸ ಒಂದು ಬಂದಿದೆ. ಬಂದರಿನ ಊರಲ್ಲಿ, ದೊಡ್ಡ ಕಂಪನಿ. ಹೊಸ ಟವರ್‌ಗಳಿಗೆಲ್ಲ ಲಿಫ್ಟ್ ಹಾಕೋದು. ಮಾಲೀಕರು ಅಮ್ಮಂಗೆ ಪರಿಚಯದವರು. ಮನೆ ಕೊಡ್ತಾರಂತೆ. ಅಮ್ಮಂಗೆ ತುಂಬ ಇಷ್ಟ."

ಹೇಳುವಾಗ ಅವನು ನಕ್ಕ. ಅವಳು ನೊಂದುಕೊಳ್ಳಬಾರದು ಎಂದು, ಅಥವಾ ತಾನು ಅಳುಬುರುಕನ ಹಾಗೆ ಕಾಣಬಾರದು ಎಂದು, ಹೇಗೋ ತುಟಿ ಎಳೆದು ಬರಿಸಿಕೊಂಡ ನಗು ಅದು. ಹಾಲ್‌ನ ಆ ತುದಿಯಿಂದ ಅದು ಅವಳಿಗೆ ನಿಜವಾದ ನಗುವಾಗಿಯೇ ಕಂಡಿತು. ಎಷ್ಟು ಖುಷಿಯಾಗಿದ್ದಾನೆ, ನಾನೇಕೆ ಅಡ್ಡ ನಿಲ್ಲಲಿ ಎಂದುಕೊಂಡು ಅವಳೂ ನಕ್ಕಳು. ಅವಳ ನಗು ನೋಡಿ ಅವನ ಜೀವ ಅರ್ಧ ಹೋಯಿತು.

"ಹೋಗ್ಲಾ?" ಎಂದು ಕೇಳಿದ.

ಒಂದು ಮಾತು. 'ಬೇಡ' ಎಂಬ ಒಂದೇ ಒಂದು ಮಾತು ಸಾಕಿತ್ತು. ಅದು ಅವಳ ಗಂಟಲಲ್ಲೇ ಇತ್ತು. ಆ ದಿನ ಬಾಯಲ್ಲಿ ಪಿನ್ನುಗಳೂ ಇರಲಿಲ್ಲ.

"ಇಂಥ ಚಾನ್ಸ್ ಯಾರು ಬಿಡ್ತಾರೆ? ಹೋಗು," ಎಂದಳು.

"ಹೌದಲ್ವಾ," ಎಂದ ಅವನು. "ನಂಗೂ ಹಾಗೇ ಅನಿಸ್ತು."

ಆಮೇಲೂ ಇಬ್ಬರೂ ತಿರುಗಿಸುತ್ತಲೇ ಇದ್ದರು. ಅವಳು ಅವನ ಮುಖ ನೋಡುತ್ತಿದ್ದಳು, ಅವನು ಅವಳ ಮುಖ ನೋಡುತ್ತಿದ್ದ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿದೆ ಎಂಬುದಷ್ಟೇ ಗೊತ್ತಿತ್ತು. ಆ ದಿನ ದಾರ ಅವರನ್ನು ಮುಂದಕ್ಕೆ ಎಳೆಯಲೇ ಇಲ್ಲ, ನಿಂತ ಮೂಲೆಯಲ್ಲೇ ನಿಂತಿದ್ದರು, ಅದೂ ಗಮನಕ್ಕೆ ಬರಲಿಲ್ಲ. ಸಾಕು ಎಂದು ಅವಳೇ ಹೇಳಿದಳು. ತುದಿಗಳನ್ನು ಸೇರಿಸಿದರು. ಕಣ್ಣು ಮಂಜಾಗಿದ್ದುದರಿಂದ ಕೈಯಂದಾಜಿನಲ್ಲೇ ಗಂಟು ಹಾಕಿ, ದಾರವನ್ನು ಮುದ್ದೆ ಮಾಡಿ ಪೆಟ್ಟಿಗೆಗೆ ಎಸೆದಳು.

*

"ನೀನೇನು ಮನುಷ್ಯಳಾ, ಮರಾನಾ?" ಎಂದಳು ಅತ್ತಿಗೆ.

ವಿಷಯ ಹೊರಬರಲು ಅತ್ತಿಗೆ ಮೂರು ದಿನ ಕಾಡಬೇಕಾಯಿತು. ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಮಧ್ಯಾಹ್ನ. ಸೂಜಿ ಪಿನ್ನುಗಳಿಗೆ ಕೈ ಹಾಕಿದಾಗ ಅತ್ತಿಗೆ ಡಬ್ಬಿಯನ್ನೇ ಎತ್ತಿ ಸೆರಗಿನಡಿ ಇಟ್ಟುಕೊಂಡಳು.

"ಅವನು ಹೋಗ್ಬೇಕು ಅಂತಿದ್ದ ಅತ್ತಿಗೆ. ನಗ್ತಿದ್ದ."

"ನಗ್ತಿದ್ನಂತೆ! ನಿಮ್ಮಣ್ಣ ನನ್ನ ನೋಡೋಕೆ ಬಂದಾಗ ಹಲ್ಲುನೋವು, ಆಗ್ಲೂ ನಗ್ತಿದ್ರು. ಗಂಡಸರ ನಗೂನ ನಂಬ್ತಾರೇನೇ ಯಾರಾದ್ರೂ? ಹೋಗ್ಲಾ ಅಂತ ಯಾಕೆ ಕೇಳ್ದ? ಹೋಗೋನು ಹೋಗ್ತೀನಿ ಅಂತಾನೆ. ಹೋಗ್ಲಾ ಅಂದ್ರೆ ಬೇಡ ಅನ್ನು ಅಂತ ಅರ್ಥ."

ಸೂಜಿ ಹೊಲಿಗೆ ಮಿಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ಕೂತಿದ್ದಳು. ಅಷ್ಟು ಸರಳವಾದದ್ದು ತನಗೆ ಯಾಕೆ ಹೊಳೆಯಲಿಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು, ಆಮೇಲೆ ಭಯವಾಯಿತು.

"ಈಗೇನ್ಮಾಡ್ಲಿ?"

"ಬಾಯಿ ಬಿಟ್ಟು ಹೇಳು. ಹೋಗಬೇಡ ಅನ್ನು. ಅವನ ಮುಖ ನೋಡಿ ಅಳತೆ ತಗೊಂಡು ಹೇಳಬೇಡ, ನಿನ್ನ ಮನಸ್ಸಲ್ಲಿ ಇರೋದನ್ನ ಹೇಳು."

ಅವನಿಗೆ ಫೋನ್ ಮಾಡಿದಳು. ಅವನು ಆ ಊರು, ಆ ಕಂಪನಿ ನೋಡಿ ಬರಲು ಅಮ್ಮನ ಜೊತೆ ಹೊರಟಿದ್ದ, ರೈಲಿನ ಸದ್ದಿನಲ್ಲಿ ಮಾತು ತುಂಡು ತುಂಡಾಗಿ ಕೇಳುತ್ತಿತ್ತು. "ಸಮಾರಂಭಕ್ಕೆ ಬಂದೇ ಬರ್ತೀನಿ," ಎಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಇಂಥ ಮಾತನ್ನು ರೈಲಿನಲ್ಲಿರುವವನಿಗೆ ಕೂಗಿ ಹೇಳುವುದು ಹೇಗೆ? ಎದುರಿಗೇ ಹೇಳುತ್ತೇನೆ ಎಂದು ನಿರ್ಧರಿಸಿದಳು. ನಿರ್ಧಾರ ಮಾಡಿದ ಮೇಲೆ ಮನಸ್ಸು ಹಗುರಾಯಿತು. ಮಾಡಿದ ಬಟ್ಟೆಯ ಹೂಗಳೆಲ್ಲ ಆ ವಾರ ಚೆನ್ನಾಗಿ ಅರಳಿಕೊಂಡವು, ಹಾಗೆಂದು ಅಧ್ಯಕ್ಷನೂ ಹೇಳಿದ.

*

ಸಮಾರಂಭದ ದಿನ ಅವಳು ಕಾಲರ್‌ಗೆ ಸೂಜಿ ಸಿಕ್ಕಿಸಿಕೊಳ್ಳಲಿಲ್ಲ. ಪಿನ್ನಿನ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟಳು.

ಹಾಲ್ ಗುರುತು ಸಿಗದಷ್ಟು ಚೆಲುವಾಗಿತ್ತು. ಹಳೆಯ ಪರದೆಗಳ ತುಂಡುಗಳಿಂದ ಮಾಡಿದ ತೋರಣ ಗೋಡೆಯಿಂದ ಗೋಡೆಗೆ ಹರಿದಿತ್ತು, ಮುರುಕು ಟೇಬಲ್ಲಿನ ಕಾಲು ಬಟ್ಟೆಯ ಹೂಗಳಲ್ಲಿ ಮುಚ್ಚಿಹೋಗಿತ್ತು. ಅಧ್ಯಕ್ಷನ ಭಾಷಣ ಬಳಗ ಹುಟ್ಟಿದ ದಿನದಿಂದ ಶುರುವಾಗಿ ಬಹಳ ನಿಧಾನಕ್ಕೆ ಮುಂದುವರಿಯುತ್ತಿದ್ದಾಗ ಬಾಗಿಲಲ್ಲಿ ಮೆಕ್ಯಾನಿಕ್ ಕಾಣಿಸಿಕೊಂಡ. ಸ್ಟೇಷನ್ನಿನಿಂದ ನೇರ ಬಂದಿದ್ದ, ಹೆಗಲಲ್ಲಿ ಬ್ಯಾಗ್ ಇತ್ತು. ಸ್ವಲ್ಪ ಇಳಿದುಹೋಗಿದ್ದ. ಅವಳನ್ನು ನೋಡಿ ತಲೆಯಾಡಿಸಿ, ಗೋಡೆಗೆ ಒರಗಿ ನಿಂತ.

ಪದಕ ಹಾಕುವ ಕೆಲಸ ಅವಳದು. ಅಧ್ಯಕ್ಷ ಒಬ್ಬೊಬ್ಬರನ್ನೇ ಕರೆಯುತ್ತಿದ್ದ, ಅವಳು ಪೆಟ್ಟಿಗೆಯಿಂದ ಒಂದೊಂದೇ ತೆಗೆದು ಕೊರಳಿಗೆ ಹಾಕುತ್ತಿದ್ದಳು. ಹುರಿ ದಾರಗಳು ಗಟ್ಟಿಯಾಗಿ, ನೀಲಿ ಹಳದಿ ಒಂದರೊಳಗೊಂದು ಸೇರಿಕೊಂಡು, ಕೊರಳಲ್ಲಿ ಸೊಗಸಾಗಿ ಕೂರುತ್ತಿದ್ದವು. ಜನ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಕೊನೆಗೆ ಬಂದವನು ಅವನು. ಪೆಟ್ಟಿಗೆಯಲ್ಲಿ ಉಳಿದದ್ದು ಒಂದೇ.

ದಾರಕ್ಕೆ ಪದಕ ಕಟ್ಟುವಾಗ ಬಳಗದ ಹುಡುಗಿಯರು, ಇದೇನೋ ಬಿಚ್ಚಿಕೊಂಡಿದೆ, ಕೊನೆಗಿರಲಿ ಎಂದು ತಳಕ್ಕೆ ಹಾಕಿದ್ದರು. ಅವಳು ಅದನ್ನೆತ್ತಿ ಅವನ ಕೊರಳಿಗೆ ಹಾಕಿದಳು. ಎಳೆಗಳೆಲ್ಲ ಬಿಡಿ ಬಿಡಿಯಾಗಿ ಜೋತುಬಿದ್ದವು. ಒಂದು ಎಳೆ ಕಿವಿಗೆ ಸಿಕ್ಕಿಕೊಂಡಿತು, ಇನ್ನೊಂದು ಅಂಗಿಯ ಗುಂಡಿಗೆ. ಪದಕ ಜಾರಿ ಹೊಟ್ಟೆಯ ಹತ್ತಿರ ಓರೆಯಾಗಿ ನಿಂತಿತು.

"ನೋಡಿ, ನೋಡಿ! ಮೆಕ್ಯಾನಿಕ್‌ಗೆ ಮಾತ್ರ ನಮ್ಮ ಸೂಜಿ ಕೈ ಕೊಟ್ಟಿದ್ದಾಳೆ!" ಎಂದು ಅಧ್ಯಕ್ಷ ಮೈಕ್‌ನಲ್ಲಿ ಕೂಗಿದ. ಹಾಲ್ ತುಂಬ ನಗು.

ಅವನು ನಗಲಿಲ್ಲ. ಎಳೆಗಳನ್ನು ಕೈಯಲ್ಲಿ ಹಿಡಿದು ನೋಡಿದ. "ಇದು ಆವತ್ತಿಂದು," ಎಂದ ಮೆಲ್ಲಗೆ. ಅವಳಿಗೂ ಗೊತ್ತಾಗಿತ್ತು.

*

ಎಲ್ಲರೂ ಹೋದ ಮೇಲೆ ಕುರ್ಚಿ ಮಡಚಿಡಲು ಅವರಿಬ್ಬರು ಉಳಿದರು. ಹೊರಗೆ ಇನ್ನೂ ಬೆಳಕಿತ್ತು. ಕೆಳಗೆ ಸೈಕಲ್ ಅಂಗಡಿಯಲ್ಲಿ ಯಾರೋ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು.

"ನಂಗೊಂದು ಮಾತು ಹೇಳೋದಿದೆ," ಎಂದಳು.

"ನನಗೂ."

"ನೀನು ಮೊದಲು ಹೇಳು."

"ಇಲ್ಲ, ನೀನೇ ಹೇಳು."

ಮತ್ತೆ ಅದೇ ಶುರುವಾಗುತ್ತಿದೆ ಎಂದು ಅವಳಿಗೆ ಅನಿಸಿತು. ಅವನ ಮುಖ ನೋಡಿದರೆ ಮಾತು ಹೊರಡುವುದಿಲ್ಲ ಎಂದು ಕಿಟಕಿಯ ಕಡೆ ತಿರುಗಿ ನಿಂತಳು.

"ಆಯ್ತು, ಈ ಸಲ ನಾನೇ ಹೇಳ್ತೀನಿ. ಹೋಗಬೇಡ. ನೀನು ಹೋಗೋದು ನಂಗಿಷ್ಟ ಇಲ್ಲ. ಆವತ್ತೂ ಇರಲಿಲ್ಲ. ನೀನು ನಗ್ತಿದ್ದೆ, ಖುಷಿಯಾಗಿದ್ದೀಯ ಅನ್ಕೊಂಡು ಹೋಗು ಅಂದೆ. ನೀನಿಲ್ಲದೆ ಇರೋ ಭಾನುವಾರ ನಂಗೆ ಬೇಡ. ನಂಗೆ ನೀನು ಬೇಕು."

ತಿರುಗಿ ನೋಡಿದರೆ ಅವನು ಮಡಚದ ಒಂದು ಕುರ್ಚಿಯ ಮೇಲೆ ಕೂತಿದ್ದ, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು.

"ನಾನು ಖುಷಿಯಾಗಿರಲಿಲ್ಲ," ಎಂದ. "ನೀನು ಬೇಡ ಅಂತೀಯ ಅಂತ ಕೇಳ್ದೆ. ನೀನು ನಕ್ಕೆ. ನಾನು ಏನೂ ಅಲ್ಲ ಇವಳಿಗೆ ಅನ್ಕೊಂಡೆ."

"ನೀನು ನಗ್ತಿದ್ದೆ, ಅದಕ್ಕೆ ನಕ್ಕೆ."

"ನಾನೂ ಹಾಗೇ. ಲಿಫ್ಟಲ್ಲಿ ಬಂದ ದಿನದಿಂದ ನಿನ್ನ ಬಿಟ್ಟು ಬೇರೆ ಯೋಚನೇನೇ ಇರಲಿಲ್ಲ ನಂಗೆ."

ಹೇಳಿಬಿಟ್ಟಿದ್ದರು, ಇಬ್ಬರೂ. ಅವಳ ಮುಖ ಅರಳಲು ಶುರುವಾಗಿತ್ತು. ಅವನ ಮುಖ ನೋಡಿ ಅಲ್ಲಿಗೇ ನಿಂತಿತು.

"ಏನಾಯ್ತು?"

"ಅಲ್ಲಿ... ಮಾಲೀಕರಿಗೆ ಒಬ್ಬಳು ಮಗಳಿದ್ದಾಳೆ. ಅಮ್ಮ ಅದನ್ನೂ ಮನಸ್ಸಲ್ಲಿಟ್ಕೊಂಡೇ ನನ್ನ ಕರ್ಕೊಂಡು ಹೋಗಿದ್ದು. ಆ ಹುಡುಗಿಗೆ ಹಿಂದೆ ಒಂದ್ಸಲ ಮದುವೆ ನಿಶ್ಚಯ ಆಗಿತ್ತಂತೆ. ಹುಡುಗ ಕೊನೇ ಗಳಿಗೇಲಿ, ನನ್ನ ಮನಸ್ಸಲ್ಲಿ ಬೇರೆಯವಳಿದ್ದಾಳೆ ಅಂತ ಹೇಳಿ ಹೋಗ್ಬಿಟ್ನಂತೆ. ಅದಕ್ಕೇ ಅವಳು ನನ್ನನ್ನ ಒಬ್ಬನ್ನೇ ಕರೆದು ಕೇಳಿದಳು, ನಿಮ್ಮ ಮನಸ್ಸಲ್ಲಿ ಯಾರಾದ್ರೂ ಇದ್ದಾರಾ, ಇದ್ರೆ ಈಗ್ಲೇ ಹೇಳಿಬಿಡಿ ಅಂತ."

"ನೀನೇನಂದೆ?"

"ಯಾರೂ ಇಲ್ಲ ಅಂದೆ. ನೀನು ಹೋಗು ಅಂದಿದ್ದೆಯಲ್ಲ. ನೀನು ನನ್ನವಳಲ್ಲ ಅಂತಾನೇ ಅನ್ಕೊಂಡಿದ್ದೆ. ಅವಳು ಅತ್ತುಬಿಟ್ಟಳು, ಸಮಾಧಾನಕ್ಕೆ. ನಿನ್ನೆ ಮದುವೆಗೆ ಒಪ್ಪಿ ಮಾತು ಕೊಟ್ಟು ಬಂದೆ."

ಸೂಜಿ ಎದುರಿನ ಕುರ್ಚಿಯಲ್ಲಿ ಕೂತಳು. ಸೈಕಲ್ ಪಂಪಿನ ಸದ್ದು ನಿಂತಿತ್ತು.

"ನೀನು ಹೇಳು," ಎಂದ ಅವನು ಕೊನೆಗೆ. "ನೀನು ಏನಂದ್ರೂ ಹಾಗೇ ಮಾಡ್ತೀನಿ."

"ಇಲ್ಲ." ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. "ನನ್ನ ನೋಡ್ಕೊಂಡು ಹೇಳಬೇಡ. ನನ್ನ ಮನಸ್ಸಲ್ಲಿ ಇರೋದನ್ನ ನಾನು ಹೇಳಿಯಾಯ್ತು. ನಿನ್ನದು ನೀನು ಹೇಳು. ಒಂದೇ ಒಂದ್ಸಲ."

ಅವನು ಕೊರಳಿನ ಬಿಡಿ ಎಳೆಗಳನ್ನು ನೋಡುತ್ತ ಕೂತ. ಜೀವನದಲ್ಲಿ ಮೊದಲ ಬಾರಿಗೆ ಯಾರ ಮುಖವನ್ನೂ ನೋಡದೆ ಉತ್ತರ ಹುಡುಕುತ್ತಿದ್ದ.

"ನಿನ್ನ ಬಿಟ್ಟು ಇರೋಕೆ ನಂಗೆ ಬರಲ್ಲ," ಎಂದ. "ಆದ್ರೆ ಅವಳಿಗೆ ಅದೇ ಮಾತನ್ನ ಎರಡನೇ ಸಲ ಹೇಳೋನು ನಾನಾಗಬಾರದು. ಅಷ್ಟು ಮಾಡಿ ಇಲ್ಲಿ ಬಂದು ನಿನ್ನ ಜೊತೆ ಸುಖವಾಗಿರೋಕೆ ನನ್ನಿಂದ ಆಗಲ್ಲ. ಹೋಗ್ತೀನಿ."

ಹೋಗ್ಲಾ ಎನ್ನಲಿಲ್ಲ. ಹೋಗ್ತೀನಿ ಎಂದ. ಅವಳು ಅತ್ತಳು. ತಡೆಯಲು ಬಾಯಲ್ಲಿ ಏನೂ ಇರಲಿಲ್ಲ, ಹಾಗಾಗಿ ಚೆನ್ನಾಗಿ ಅತ್ತಳು. ಅವನೂ ಅತ್ತ. ಅವನ ಕರವಸ್ತ್ರ ಅವತ್ತು ಹೊಸದಾಗಿತ್ತು, ಒಂದು ಹನಿ ಗ್ರೀಸೂ ಇರಲಿಲ್ಲ, ಅದನ್ನು ನೋಡಿ ಅವಳಿಗೆ ಇನ್ನಷ್ಟು ದುಃಖವಾಯಿತು.

ಆಮೇಲೆ ಅವಳು ಮೂಗೊರೆಸಿಕೊಂಡು ಎದ್ದಳು. "ಕೊಡು ಅದನ್ನ," ಎಂದಳು. "ಹೀಗೆ ಹಾಕ್ಕೊಂಡು ಹೋಗಬೇಡ. ನನ್ನ ಕೆಲಸಕ್ಕೆ ಕೆಟ್ಟ ಹೆಸರು."

ಹಳೆಯ ಗಂಟು ಬಿಗಿದುಕೊಂಡಿತ್ತು. ಕಾಲರ್‌ನಲ್ಲಿ ಸೂಜಿ ಇರಲಿಲ್ಲ. ಅವನು ಬ್ಯಾಗಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಟ್ಟ, ಅದರ ತುದಿಯಿಂದ ಬಿಡಿಸಿ ಪದಕವನ್ನು ಬದಿಗಿಟ್ಟಳು. ಎರಡೂ ತುದಿಗೆ ಪೆನ್ಸಿಲ್ ಕಟ್ಟಿದರು. ಅವಳು ತನ್ನ ಮೂಲೆಗೆ ಹೋದಳು, ಅವನು ತನ್ನ ಮೂಲೆಗೆ.

"ನಿನ್ನ ಬಲಕ್ಕೆ," ಎಂದಳು.

"ಗೊತ್ತು."

ಈ ಸಲ ಇಬ್ಬರೂ ತಂತಮ್ಮ ಕೈ ನೋಡಿಕೊಂಡು ತಿರುಗಿಸಿದರು. ದಾರ ಬಿಗಿಯಿತು. ಗಿಡ್ಡವಾಯಿತು. ಅವಳನ್ನು ಒಂದು ಹೆಜ್ಜೆ ಎಳೆಯಿತು, ಅವನನ್ನೂ ಎಳೆಯಿತು.

"ಸಾಕು. ನಿನ್ನ ಕೀಲಿ ಗೊಂಚಲು ಕೊಡು, ನಡುವೆ ತೂಗುಹಾಕ್ತೀನಿ."

"ಕೊಟ್ಬಿಟ್ಟೆ. ಆ ಊರಿಗೆ ಹೊರಡೋ ಮೊದ್ಲೇ, ನನ್ನ ಜಾಗಕ್ಕೆ ಬಂದೋನಿಗೆ."

ಅವಳು ತನ್ನ ತುದಿಯ ಪೆನ್ಸಿಲನ್ನು ಹತ್ತಿರದ ಕುರ್ಚಿಯ ಬೆನ್ನಿಗೆ ಸಿಕ್ಕಿಸಿ ನಡುವಿಗೆ ಬಂದಳು. ಕೈ ಚಾಚಿ ಟೇಬಲ್ ಮೇಲಿದ್ದ ದೊಡ್ಡ ಕತ್ತರಿಯನ್ನು ತೆಗೆದು ತೂಗುಹಾಕಿದಳು. ಕತ್ತರಿ ಗಿರ್ರನೆ ಸುತ್ತತೊಡಗಿತು. ಇಬ್ಬರೂ ದಾರ ಹಿಡಿದು ಒಬ್ಬರ ಕಡೆಗೆ ಒಬ್ಬರು ನಡೆದರು. ನೀಲಿ ಹಳದಿಯನ್ನು ಸುತ್ತಿತು, ಹಳದಿ ನೀಲಿಯನ್ನು ಸುತ್ತಿತು. ನಡುವೆ ಜಾಗ ಉಳಿಯದಷ್ಟು ಹತ್ತಿರ ಬಂದರು. ಅವಳ ಹಣೆ ಅವನ ಭುಜಕ್ಕೆ ತಾಗಿತು, ಅಲ್ಲೇ ಇಟ್ಟುಕೊಂಡಳು. ಅವನ ಎದೆ ಏರಿಳಿಯುವುದು ತಿಳಿಯುತ್ತಿತ್ತು.

"ಗಟ್ಟಿಯಾಗಿ ಹಿಡ್ಕೊ," ಎಂದಳು.

"ಹಿಡ್ಕೊಂಡಿದ್ದೀನಿ."

ಗಂಟು ಹಾಕಲು ಅವಳು ತಡಮಾಡಿದಳು. ಹಿಂದೆ ಎಂದೂ ಅಷ್ಟು ತಡಮಾಡಿರಲಿಲ್ಲ. ಆಮೇಲೆ ಹಾಕಿದಳು, ಅದರ ಮೇಲೆ ಇನ್ನೊಂದು ಹಾಕಿದಳು, ಪದಕ ಮತ್ತೆ ಕಟ್ಟಿ ಅವನ ಕೊರಳಿಗೆ ಹಾಕಿದಳು. ಅದು ನೇರವಾಗಿ, ಎದೆಯ ಮೇಲೆ ಸರಿಯಾಗಿ ಕೂತಿತು.

"ಇದು ಬಿಚ್ಚಲ್ಲ," ಎಂದಳು.

"ಗೊತ್ತು," ಎಂದ.

ಅವನು ಬ್ಯಾಗ್ ಹೆಗಲಿಗೇರಿಸಿಕೊಂಡ. ಬಾಗಿಲ ಹತ್ತಿರ ಅವನ ಹೆಜ್ಜೆ ನಿಂತಿತು.

"ನನ್ನನ್ನ ನೋಡಬೇಡ," ಎಂದಳು ಅವಳು. "ಹಾಗೇ ಹೋಗು."

ಈ ಸಲ ಅವನಿಗೆ ಅಪಾರ್ಥವಾಗಲಿಲ್ಲ. ತಿರುಗದೆ ಮೆಟ್ಟಿಲಿಳಿದ. ಅವಳು ಕಿಟಕಿಗೆ ಬಂದು, ಅವನು ಸೈಕಲ್ ಅಂಗಡಿ ದಾಟಿ ರಸ್ತೆಯ ತಿರುವಿಗೆ ಹೋಗುವವರೆಗೂ ನೋಡಿದಳು. ಅವನ ಒಂದು ಕೈ ಕೊರಳ ಹತ್ತಿರವೇ ಇತ್ತು.

ಅಂಗಡಿಗೆ ಬಂದಾಗ ಅತ್ತಿಗೆ ಪರದೆ ಮಡಚುತ್ತಿದ್ದಳು. "ಹೇಳಿದ್ಯಾ?" ಎಂದು ಕೇಳಿದಳು.

"ಹೇಳಿದೆ."

"ಏನಂದ?"

ಸೂಜಿ ಪಿನ್ನಿನ ಡಬ್ಬಿ ತೆರೆದು ನಾಲ್ಕಾರು ಪಿನ್ನು ತೆಗೆದು ತುಟಿಗೆ ಇಟ್ಟುಕೊಳ್ಳಲು ನೋಡಿದಳು. ತುಟಿಗಳು ನಡುಗುತ್ತಿದ್ದವು, ಪಿನ್ನುಗಳು ನಿಲ್ಲಲಿಲ್ಲ. ಒಂದೊಂದಾಗಿ ನೆಲಕ್ಕೆ ಬಿದ್ದವು. ಅತ್ತಿಗೆ ಮಡಚುತ್ತಿದ್ದ ಪರದೆಯನ್ನು ಬದಿಗಿಟ್ಟು, ನೆಲದ ಮೇಲೆ ಕೂತು, ಪಿನ್ನುಗಳನ್ನು ಆರಿಸತೊಡಗಿದಳು.